ಅತ್ತೆಯ ವೀಲುನಾಮ

(ನೇಮಕಲ್ಲಿನ ಕಲಿಕಾ ಕೇಂದ್ರದಲ್ಲಿ ಆಡಿದ ಮಾತು)



ಹೋದ ವಾರ ನೀವು ಹಲಗೆಯ ಮೇಲೆ ಒಂದು ಪದ ಓದಿದಿರಿ. ಉಯಿಲು. ಓದಿದ ಮೇಲೆ ಒಬ್ಬ ಅಕ್ಕ ಕೇಳಿದರು, "ಇದೇನು ಸಾರ್, ಉಯ್ಯಾಲೇನಾ?" ಎಲ್ಲರೂ ನಕ್ಕೆವು. ನಗುವಂಥದ್ದೇನೂ ಇಲ್ಲ. ಈ ಪದ ನಮ್ಮ ಬಾಯಲ್ಲಿ ಇಲ್ಲ. ಬಳ್ಳಾರಿ ಕಡೆಯವರು ವಿಲ್ಲು ಅಂತಾರೆ. ಹಳೆಯ ಕಾಗದಗಳಲ್ಲಿ ಮರಣಶಾಸನ ಅಂತ ಬರೆದಿರುತ್ತೆ. ನಮ್ಮಲ್ಲಿ ತೆಲುಗಿನವರ ಜೊತೆ ಇದ್ದೂ ಇದ್ದೂ ವೀಲುನಾಮ ಅಂತೀವಿ. ಎಲ್ಲಾ ಒಂದೇ. ನಾನು ಸತ್ತ ಮೇಲೆ ನನ್ನ ಹೊಲ, ಮನೆ, ದುಡ್ಡು, ಒಡವೆ ಯಾರಿಗೆ ಹೋಗಬೇಕು ಎಂದು ನಾನು ಬದುಕಿರುವಾಗಲೇ ಬರೆಸಿಟ್ಟ ಕಾಗದ. ಅಷ್ಟೇ.

ಇದರ ಮಾತು ಎತ್ತಿದರೆ ಮನೆಯಲ್ಲಿ ಬೈಗುಳ ಬೀಳುತ್ತೆ. "ಏನು, ನಾನು ಯಾವಾಗ ಸಾಯ್ತೀನಿ ಅಂತ ಕಾಯ್ತಿದ್ದೀಯಾ?" ಅಂತಾರೆ. ನಮ್ಮ ಅತ್ತೆಯೂ ಹಾಗೇ ಅಂದಳು. ಅತ್ತೆ ಅಂದರೆ ನಮ್ಮ ಅಪ್ಪನ ಅಕ್ಕ. ಇದೇ ಕೇಂದ್ರದಲ್ಲಿ, ಇದೇ ಕಿಟಕಿ ಪಕ್ಕ ಕೂತು ಅಕ್ಷರ ಕಲಿತವಳು. ನಿಮ್ಮಲ್ಲಿ ಕೆಲವರಿಗೆ ಗೊತ್ತು. ಹೆಸರು ಹೇಳುವುದು ಬೇಡ ಅಂದಿದ್ದಾಳೆ. ಕಥೆ ಹೇಳು, ಹೆಸರು ಬೇಡ ಅಂದಳು.

ಅತ್ತೆಯ ಸಂಸಾರ ಸ್ವಲ್ಪ ಗೋಜಲು. ನಿಧಾನವಾಗಿ ಹೇಳ್ತೀನಿ, ಕೇಳಿ.

ಅತ್ತೆಯನ್ನು ಬಳ್ಳಾರಿ ತಾಲೂಕಿನ ಒಂದು ಹಳ್ಳಿಗೆ ಎರಡನೇ ಸಂಬಂಧಕ್ಕೆ ಕೊಟ್ಟಿದ್ದರು. ಮಾವನ ಮೊದಲ ಹೆಂಡತಿ ತೀರಿಕೊಂಡಿದ್ದಳು. ಆಕೆಗೆ ಆರು ವರ್ಷದ ಒಬ್ಬ ಮಗ ಇದ್ದ. ಅವನನ್ನು ಅತ್ತೆಯೇ ಬೆಳೆಸಿದಳು. ಅತ್ತೆಗೆ ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳು ಆಗಲಿಲ್ಲ. ಪಕ್ಕದ ಮನೆಯ ಹೆಂಗಸು ಹೆರಿಗೆಯಲ್ಲಿ ಸತ್ತಳು. ಆ ಕೂಸನ್ನು ಅತ್ತೆ ಮಡಿಲಿಗೆ ಹಾಕಿಕೊಂಡಳು. ದತ್ತು ಶಾಸ್ತ್ರ ಮಾಡಲಿಲ್ಲ, ಕಾಗದ ಬರೆಸಲಿಲ್ಲ. ಹಾಗೇ ಸಾಕಿದಳು. ಮಾವ ತೀರಿಕೊಂಡ ಮೇಲೆ ಆ ಹುಡುಗಿಯ ಕೈ ಹಿಡಿದುಕೊಂಡು ಅತ್ತೆ ನೇಮಕಲ್ಲಿಗೆ ವಾಪಸು ಬಂದಳು. ಮಗ ಅಲ್ಲೇ ಉಳಿದ. ಆಮೇಲೆ ಬೆಂಗಳೂರಿಗೆ ಹೋದ. ಕೆಟ್ಟವನೇನಲ್ಲ. ಹಬ್ಬಕ್ಕೆ ಸೀರೆ ಕಳಿಸ್ತಾನೆ. ಶ್ರಾವಣ ಶನಿವಾರ ಕಸಾಪುರ, ಮುರಡಿ ನೋಡಿಕೊಂಡು ನಮ್ಮ ಆಂಜನೇಯನ ದರ್ಶನಕ್ಕೆ ಬಂದಾಗ ಅವ್ವನ ಮನೆಯಲ್ಲೇ ಊಟ ಮಾಡ್ತಾನೆ. ಆದರೆ ರಾತ್ರಿ ಕೆಮ್ಮು ಬಂದರೆ ನೀರು ಕೊಡುವವಳು ಸಾಕಿದ ಮಗಳು.

ಈಗ ಆಸ್ತಿ. ಅತ್ತೆಯ ಹೆಸರಲ್ಲಿ ಮೂರು ಬಗೆಯ ಆಸ್ತಿ ಇದೆ.

ಮಾವನ ಆಸ್ತಿಯಲ್ಲಿ ಅತ್ತೆಯ ಭಾಗಕ್ಕೆ ಬಂದ 3 ಎಕರೆ, ಅದು ಕರ್ನಾಟಕದಲ್ಲಿ. ನಮ್ಮ ಅಜ್ಜ ಸತ್ತ ಮೇಲೆ ಭಾಗದಲ್ಲಿ ಬಂದ 2 ಎಕರೆ ಶೇಂಗಾ ಹೊಲ, ಅದು ಇಲ್ಲಿ ಆಂಧ್ರದಲ್ಲಿ. ಇನ್ನು ರಾಯದುರ್ಗದ ಜೀನ್ಸ್ ಪ್ಯಾಂಟು ಮನೆಗೆ ತಂದು ಹೊಲಿದು, ಗುಂಡಿ ಹಾಕಿ, ಕಾಸಿಗೆ ಕಾಸು ಸೇರಿಸಿ ಕೊಂಡ ಎರಡು ಅಂಕಣದ ಮನೆ. ಎರಡು ರಾಜ್ಯದಲ್ಲಿ ಹೊಲ ಹೇಗೆ ಅಂತ ಹೊಸಬರು ಕೇಳಬಹುದು. ನಮಗೆ ಆಶ್ಚರ್ಯ ಇಲ್ಲ. 1953ರ ತನಕ ನಮ್ಮ ರಾಯದುರ್ಗ ತಾಲೂಕು ಬಳ್ಳಾರಿ ಜಿಲ್ಲೆಯಲ್ಲೇ ಇತ್ತು. ಆ ವರ್ಷ ಅಕ್ಟೋಬರ್ 1ಕ್ಕೆ ಗೆರೆ ಎಳೆದರು. ನಾವು ಅನಂತಪುರಕ್ಕೆ ಬಂದೆವು, ಬಳ್ಳಾರಿ ತಾಲೂಕು ಮೈಸೂರಿಗೆ ಹೋಯಿತು. ಬೀಗರು ಮಾತ್ರ ಗೆರೆ ನೋಡಿ ಸಂಬಂಧ ಮಾಡಲಿಲ್ಲ.

ಅತ್ತೆ ವೀಲುನಾಮ ಬರೆಸದೆ ತೀರಿಕೊಂಡಿದ್ದರೆ ಏನಾಗುತ್ತಿತ್ತು? ನಾವು ಊರಲ್ಲಿ ಏನೇನೋ ಅಂದುಕೊಂಡಿರ್ತೀವಿ. "ಯಾರು ನೋಡಿಕೊಂಡರೋ ಅವರಿಗೆ" ಅಂತೀವಿ. ಕಾನೂನು ಹಾಗೆ ಹೇಳುವುದಿಲ್ಲ. ಹಿಂದೂಗಳಿಗೆ 1956ರ ಉತ್ತರಾಧಿಕಾರ ಕಾಯಿದೆ ಇದೆ. ಹೆಂಗಸು ವೀಲುನಾಮ ಇಲ್ಲದೆ ಸತ್ತರೆ ಮೊದಲು ಅವಳ ಮಕ್ಕಳಿಗೆ, ಗಂಡನಿಗೆ. ಮಕ್ಕಳು ಅಂದರೆ ಹೊಟ್ಟೆಯಲ್ಲಿ ಹುಟ್ಟಿದವರು, ಕಾನೂನು ಪ್ರಕಾರ ದತ್ತು ತೆಗೆದುಕೊಂಡವರು. ಮಕ್ಕಳೂ ಇಲ್ಲ, ಮೊಮ್ಮಕ್ಕಳೂ ಇಲ್ಲ, ಗಂಡನೂ ಇಲ್ಲ ಅಂದರೆ, ಆಸ್ತಿ ಎಲ್ಲಿಂದ ಬಂತು ಅಂತ ಕಾನೂನು ನೋಡುತ್ತೆ. ತಂದೆ ತಾಯಿ ಸತ್ತ ಮೇಲೆ ಅವರಿಂದ ಬಂದದ್ದು ತಂದೆಯ ವಾರಸುದಾರರಿಗೆ ಹೋಗುತ್ತೆ. ಗಂಡನ ಕಡೆಯಿಂದ ಬಂದದ್ದು ಗಂಡನ ವಾರಸುದಾರರಿಗೆ. ಅವಳೇ ದುಡಿದು ಸಂಪಾದಿಸಿದ್ದು? ಅದೂ ಮೊದಲು ಗಂಡನ ವಾರಸುದಾರರಿಗೇ.

ಲೆಕ್ಕ ಹಾಕಿ ನೋಡಿ. ಬಳ್ಳಾರಿ ಕಡೆಯ 3 ಎಕರೆ ಮಾವನ ಮಗನಿಗೆ. ಇಲ್ಲಿಯ 2 ಎಕರೆ ನಮ್ಮ ಅಪ್ಪನ ಕಡೆಗೆ, ಅಪ್ಪ ಇಲ್ಲ, ಅಂದರೆ ನನಗೂ ನಮ್ಮ ಅಣ್ಣನಿಗೂ. ಜೀನ್ಸ್ ಹೊಲಿದು ಕೊಂಡ ಮನೆಯೂ ಮಾವನ ಮಗನಿಗೆ. ಸಾಕಿದ ಮಗಳಿಗೆ? ಒಂದು ಹೆಂಚೂ ಇಲ್ಲ. ಅವಳು ಇದೇ ಮನೆಯಲ್ಲಿ ಒಲೆ ಹಚ್ಚುತ್ತಾ ಬೆಳೆದವಳು.

ಸುಳ್ಳು ಅನ್ನಿಸಿದರೆ ಒಂದು ನಿಜವಾದ ಕೇಸು ಹೇಳ್ತೀನಿ. ನಾರಾಯಣಿ ದೇವಿ ಅಂತ ಒಬ್ಬ ಹೆಂಗಸು. ಮದುವೆಯಾಗಿ ಮೂರೇ ತಿಂಗಳಿಗೆ, 1955ರಲ್ಲಿ, ಗಂಡ ಸತ್ತ. ಗಂಡನ ಮನೆಯವರು ಹೊರಗೆ ಹಾಕಿದರು. ತವರಿನವರು ಓದಿಸಿದರು. ಆಕೆ ಕೆಲಸಕ್ಕೆ ಸೇರಿ ದುಡಿದು ದುಡ್ಡು ಕೂಡಿಟ್ಟರು. 1996ರಲ್ಲಿ ತೀರಿಕೊಂಡರು. ವಿಲ್ಲು ಬರೆಸಿರಲಿಲ್ಲ. ಹೆತ್ತ ತಾಯಿ ಆ ದುಡ್ಡು ಕೇಳಿದರು. ನಲವತ್ತು ವರ್ಷ ಮುಖ ನೋಡದ ಗಂಡನ ಕಡೆಯವರೂ ಕೇಳಿದರು. 2009ರಲ್ಲಿ ಸುಪ್ರೀಂ ಕೋರ್ಟು ಗಂಡನ ಕಡೆಯವರಿಗೇ ಕೊಟ್ಟಿತು. ಕನಿಕರ ಬೇರೆ, ಕಾನೂನು ಬೇರೆ ಅಂತ ಆಯಿತು. ಆಕೆ ಒಂದು ಹಾಳೆ ಬರೆಸಿದ್ದರೆ ಸಾಕಿತ್ತು. 2025ರ ನವೆಂಬರಿನಲ್ಲಿ ಅದೇ ಸುಪ್ರೀಂ ಕೋರ್ಟು ಹೆಂಗಸರಿಗೆ ಒಂದು ಮಾತು ಹೇಳಿತು, ಮುಖ್ಯವಾಗಿ ಮಕ್ಕಳಿಲ್ಲದವರಿಗೆ: ವಿಲ್ಲು ಬರೆಸಿಡಿ, ನೀವು ಹೋದ ಮೇಲೆ ಜಗಳ ಆಗುವುದು ತಪ್ಪುತ್ತೆ ಅಂತ.

ಆಸ್ತಿಯ ಆ ಲೆಕ್ಕವನ್ನೂ ನಾರಾಯಣಿ ದೇವಿಯ ಕೇಸನ್ನೂ ನಾನು ಅತ್ತೆಗೆ ಹೇಳಿದೆ. ಅತ್ತೆ ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಬಂದು, "ಆಯ್ತು, ಬರೆಸೋಣ. ನೀನೇ ಮುಂದೆ ನಿಂತು ಬರೆಸು. ನೀನು ಓದಿದವನು" ಅಂದಳು.

ಇಲ್ಲೇ ತಪ್ಪಾಯಿತು. ನನ್ನದೇ ತಪ್ಪು.

ನನಗೆ ಆಗ ಪರೀಕ್ಷೆ ಕೆಲಸ. ನಮ್ಮ ಅಣ್ಣ, "ನಾನು ನೋಡ್ಕೋತೀನಿ ಬಿಡು" ಅಂದ. ಅಣ್ಣ ಒಬ್ಬ ದಸ್ತಾವೇಜು ಬರೆಯುವವರನ್ನು ಹಿಡಿದು ಕಾಗದ ಮಾಡಿಸಿ ತಂದ. ಒಂದು ಭಾನುವಾರ ಅತ್ತೆಯ ಮನೆಯ ಜಗಲಿ ಮೇಲೆ ಎಲ್ಲರೂ ಸೇರಿದ್ದೆವು. ಕಾಗದ ತೆಲುಗಿನಲ್ಲಿತ್ತು. ನಮಗೆಲ್ಲಾ ತೆಲುಗು ಮಾತು ಬರುತ್ತೆ, ಅಕ್ಷರ ಬರುವುದಿಲ್ಲ. ನಾನು ಕೂಡಿಸಿ ಕೂಡಿಸಿ ಓದ್ತೀನಿ. ಆವತ್ತು ಅಷ್ಟೂ ಓದಲಿಲ್ಲ. ಅಣ್ಣ ಹೇಳಿದ್ದನ್ನು ನಂಬಿದೆ. ಅಣ್ಣನೂ ಬರೆದವರು ಹೇಳಿದ್ದನ್ನು ನಂಬಿದ್ದ.

"ಅತ್ತೆ, ಇಲ್ಲಿ ಸೈನ್ ಹಾಕು" ಅಂದ ಅಣ್ಣ.

ಅತ್ತೆ ಕನ್ನಡಕ ಹಾಕಿಕೊಂಡಳು. ಕಾಗದ ತಿರುಗಿಸಿ ನೋಡಿದಳು. "ಇದು ನನ್ನ ಅಕ್ಷರ ಅಲ್ಲ. ಯಾರಾದರೂ ಓದಿ ಹೇಳ್ರಪ್ಪಾ" ಅಂದಳು.

"ಅದರಲ್ಲಿ ಓದೋದೇನೈತೆ? ನೀನು ಹೇಳಿದ್ದೇ ಐತೆ" ಅಂದ ಅಣ್ಣ.

"ನಾನು ಹೇಳಿದ್ದೇ ಇದ್ದರೆ ಓದೋಕೆ ಏನು ಕಷ್ಟ?"

ಬೀದಿಯಲ್ಲಿ ಆಡುತ್ತಿದ್ದ ಹುಡುಗಿಯನ್ನು ಅತ್ತೆ ಕರೆದಳು. ಎಂಟನೇ ಕ್ಲಾಸು, ತೆಲುಗು ಮೀಡಿಯಂ. ಆ ಹುಡುಗಿ ಒಂದೊಂದೇ ಸಾಲು ತೆಲುಗಿನಲ್ಲಿ ಓದಿ ಕನ್ನಡದಲ್ಲಿ ಹೇಳುತ್ತಾ ಹೋದಳು. ನಡುವೆ ಒಂದು ಕಡೆ ನಿಂತಳು. "ಅಜ್ಜೀ, ಈ ದಿನದಿಂದಲೇ ಹೊಲ ಸ್ವಾಧೀನ ಕೊಟ್ಟಿದ್ದೀನಿ, ಇನ್ನು ನನಗೆ ಯಾವ ಹಕ್ಕೂ ಇಲ್ಲ ಅಂತ ಐತೆ."

ಜಗಲಿ ಮೇಲೆ ಯಾರೂ ಮಾತಾಡಲಿಲ್ಲ.

ಅದು ವೀಲುನಾಮ ಅಲ್ಲ. ದಾನ ಸೆಟ್ಲ್‌ಮೆಂಟು. 2 ಎಕರೆ ಅವತ್ತೇ ನಮ್ಮ ಹೆಸರಿಗೆ ಆಗುವ ಕಾಗದ. ಇದನ್ನು ನೀವು ನೆನಪಿಟ್ಟುಕೊಳ್ಳಬೇಕು. ವೀಲುನಾಮ ಬರೆದವರು ಸತ್ತ ಮೇಲೆ ಮಾತ್ರ ಜಾರಿಗೆ ಬರುತ್ತೆ. ಅಲ್ಲಿಯ ತನಕ ಹೊಲ ಅವರದೇ. ಮಾರಬಹುದು, ಸಾಲಕ್ಕೆ ಇಡಬಹುದು, ವೀಲುನಾಮ ಹರಿದು ಬೇರೆ ಬರೆಸಬಹುದು. ದಾನ ಪತ್ರ ಹಾಗಲ್ಲ. ರಿಜಿಸ್ಟ್ರಿ ಆಯಿತು ಅಂದರೆ ಹೊಲ ಕೈ ಬಿಟ್ಟಂತೆ. ನನ್ನನ್ನು ನೋಡಿಕೊಳ್ಳಬೇಕು ಎಂಬ ಷರತ್ತು ಅದರಲ್ಲಿ ಬರೆದಿದ್ದು, ಪಡೆದವರು ನೋಡಿಕೊಳ್ಳದಿದ್ದರೆ, 2007ರ ಹಿರಿಯ ನಾಗರಿಕರ ಕಾಯಿದೆಯಲ್ಲಿ ಅರ್ಜಿ ಹಾಕಿ ರದ್ದು ಮಾಡಿಸಲು ದಾರಿ ಇದೆ. ಆದರೆ ಎಂಬತ್ತರ ಮುದುಕಿ ಕಚೇರಿಗೆ ಅಲೆಯಬೇಕು. ಗುರುತು ಹಿಡಿಯಲು ಒಂದು ಸುಲಭ ಉಪಾಯ ಉಂಟು. ವೀಲುನಾಮಕ್ಕೆ ಸ್ಟಾಂಪು ಸುಂಕ ಇಲ್ಲ. ಬಿಳಿ ಹಾಳೆಯಲ್ಲಿ ಬರೆದರೂ ನಡೆಯುತ್ತೆ. "ವೀಲುನಾಮಕ್ಕೆ ಇಷ್ಟು ಸಾವಿರ ಸ್ಟಾಂಪು ಡ್ಯೂಟಿ ಕಟ್ಟಬೇಕು" ಅಂತ ಯಾರಾದರೂ ಅಂದರೆ, ಕೂತು ಕಾಗದ ಪೂರ್ತಿ ಓದಿಸಿ.

ಅಣ್ಣನಿಗೂ ನಾಚಿಕೆಯಾಯಿತು. ಅವನು ಬೇಕೆಂದೇ ಮಾಡಿದನೋ ಇಲ್ಲವೋ ನಾನು ಇವತ್ತಿಗೂ ಕೇಳಿಲ್ಲ. ಬೇಕೆಂದೇ ಮಾಡಿರಲಿಕ್ಕಿಲ್ಲ. ಆದರೆ ಒಂದು ಮಾತು ನನಗೆ ಆವತ್ತು ಹೊಳೆಯಿತು. ಆ 2 ಎಕರೆ ಬಂದರೆ ನಮಗೆ ಬರುವಂಥದ್ದು. ಹಾಗಿರುವಾಗ ಕಾಗದ ಬರೆಸುವ ಕೆಲಸ ನಾವು ಹಿಡಿದದ್ದೇ ತಪ್ಪು. ಅತ್ತೆಗೆ ಸಹಾಯ ಮಾಡುತ್ತಿದ್ದೇವೆ ಅಂದುಕೊಂಡು ನಾವು ಅವಳ ಕೈ ಹಿಡಿದು ಬರೆಸುತ್ತಿದ್ದೆವು.

ಇಂಥದ್ದೇ ಒಂದು ಹಳೆಯ ಕೇಸು ಮೈಸೂರು ಸೀಮೆಯಲ್ಲಿ ನಡೆದಿದೆ. ವಕೀಲರೆಲ್ಲಾ ಓದುವ ಕೇಸು. ಲಕ್ಷ್ಮಮ್ಮ ಎಂಬ ವಯಸ್ಸಾದ ಹೆಂಗಸಿನ ಹೆಸರಲ್ಲಿ 1945ರಲ್ಲಿ ಒಂದು ಮರಣಶಾಸನ ಆಯಿತು. ಅದನ್ನು ಬರೆಸುವುದರಲ್ಲಿ ಮುಂದೆ ನಿಂತವರು ವೆಂಕಟಾಚಲ ಅಯ್ಯಂಗಾರ್ ಎಂಬುವರು. ಅದರಲ್ಲಿ ಅವರ ಮಕ್ಕಳಿಗೇ ಒಳ್ಳೆಯ ಪಾಲು ಬರೆದಿತ್ತು. ಕೇಸು ಮೈಸೂರಿನಿಂದ ದಿಲ್ಲಿಯ ಸುಪ್ರೀಂ ಕೋರ್ಟಿಗೆ ಹೋಯಿತು. 1958ರಲ್ಲಿ ತೀರ್ಪು ಬಂತು. ವಿಲ್ಲಿನಲ್ಲಿ ಲಾಭ ಬರುವವರೇ ಮುಂದೆ ನಿಂತು ಬರೆಸಿದ್ದರೆ ಅದು ಅನುಮಾನದ ಸಂಗತಿ. ಆ ಅನುಮಾನವನ್ನು ಅವರೇ ತೊಡೆದುಹಾಕಬೇಕು. ಇಲ್ಲಿ ಅದು ಆಗಿಲ್ಲ ಎಂದು ಕೋರ್ಟು ಆ ವಿಲ್ಲನ್ನು ಒಪ್ಪಲಿಲ್ಲ. ಬರೆಸಿ ಹದಿಮೂರು ವರ್ಷ ಆದ ಮೇಲೆ! ಇವತ್ತಿಗೂ ವಿಲ್ಲಿನ ಜಗಳ ಬಂದರೆ ಕೋರ್ಟುಗಳು ಆ ತೀರ್ಪನ್ನೇ ತೆಗೆದು ನೋಡುತ್ತವೆ. ಲಕ್ಷ್ಮಮ್ಮನ ಮನಸ್ಸಿನಲ್ಲಿ ನಿಜವಾಗಿ ಏನಿತ್ತೋ ಯಾರಿಗೆ ಗೊತ್ತು? ಒಂದು ವೇಳೆ ಅವರ ಇಷ್ಟವೇ ಅದಾಗಿತ್ತು ಅಂದುಕೊಳ್ಳಿ, ಸಹಾಯ ಮಾಡಿದ ರೀತಿಯಿಂದಲೇ ಅದು ಹಾಳಾಯಿತು.

ಹೀಗಾಗಿ ನಾವು ಎರಡನೇ ಸಲ ಬೇರೆ ದಾರಿ ಹಿಡಿದೆವು. ಹೆಂಗಸರಿಗೆ, ಎಸ್.ಸಿ., ಎಸ್.ಟಿ. ಜನರಿಗೆ, ಬಡವರಿಗೆ ಸರ್ಕಾರದ ಕಾನೂನು ಸೇವಾ ಪ್ರಾಧಿಕಾರದಿಂದ ಪುಕ್ಕಟೆ ವಕೀಲರು ಸಿಗ್ತಾರೆ. ಹೆಂಗಸರಿಗೆ ಆದಾಯ ಎಷ್ಟು ಅಂತಲೂ ಕೇಳುವಂತಿಲ್ಲ. 1987ರ ಕಾಯಿದೆ ಅದು. ಅನಂತಪುರದ ಜಿಲ್ಲಾ ಕೋರ್ಟಿನಲ್ಲಿ ಕಚೇರಿ ಇದೆ. 15100 ಎಂಬ ನಂಬರಿಗೆ ಫೋನು ಮಾಡಿದರೂ ದಾರಿ ಹೇಳ್ತಾರೆ, ದುಡ್ಡು ಕಟ್ಟಾಗುವುದಿಲ್ಲ. ಈ ನಂಬರು ಬರೆದುಕೊಳ್ಳಿ. ಒಂದು, ಐದು, ಒಂದು, ಸೊನ್ನೆ, ಸೊನ್ನೆ.

ನಮಗೆ ಕನ್ನಡ ಬಲ್ಲ ಒಬ್ಬ ವಕೀಲಮ್ಮ ಸಿಕ್ಕರು. ಅವರು ಮಾಡಿದ ಮೊದಲ ಕೆಲಸ ಏನು ಗೊತ್ತಾ? ನನ್ನನ್ನು ಹೊರಗೆ ಕಳಿಸಿದರು. "ನೀವು ಚಹಾ ಕುಡಿದು ಬನ್ನಿ ಸಾರ್, ಅಮ್ಮನ ಹತ್ತಿರ ನಾನು ಮಾತಾಡಬೇಕು" ಅಂದರು. ಸಾಕಿದ ಮಗಳನ್ನೂ ಕಳಿಸಿದರು. ನಾವಿಬ್ಬರೂ ಹೊರಗೆ ಬೇವಿನ ಮರದ ಕೆಳಗೆ ಒಂದು ತಾಸು ಕೂತೆವು. ಅವಳೂ ಮಾತಾಡಲಿಲ್ಲ, ನಾನೂ ಮಾತಾಡಲಿಲ್ಲ. ಒಳಗೆ ಏನು ಬರೆಸುತ್ತಿದ್ದಾಳೋ ಎಂದು ಇಬ್ಬರ ಮನಸ್ಸಿನಲ್ಲೂ ಇತ್ತು. ಸುಳ್ಳು ಯಾಕೆ ಹೇಳಲಿ?

ಅದಕ್ಕೆ ಮುಂಚೆ ನಾನು ಒಂದು ಕೆಲಸ ಮಾಡಿದ್ದೆ. ಸಹಾಯ ಅಂದರೆ ಇದು, ಇದನ್ನು ನೀವೂ ಮಾಡಬಹುದು. ಅತ್ತೆಯ ಟ್ರಂಕಿನಲ್ಲಿದ್ದ ಕಾಗದಗಳನ್ನೆಲ್ಲಾ ತೆಗೆದು ಜೋಡಿಸಿದೆ. ಇಲ್ಲಿಯ ಹೊಲಕ್ಕೆ ಪಟ್ಟಾದಾರ್ ಪಾಸ್ ಪುಸ್ತಕ, 1-ಬಿ, ಅಡಂಗಲ್ಲು. ಬಳ್ಳಾರಿ ಕಡೆಯ ಹೊಲಕ್ಕೆ ಪಹಣಿ. ಮನೆಯ ಕ್ರಯಪತ್ರ. ಬ್ಯಾಂಕ್ ಪಾಸ್ ಪುಸ್ತಕ. ಪ್ರತಿಯೊಂದರ ಸರ್ವೆ ನಂಬರು, ವಿಸ್ತೀರ್ಣ, ನಾಲ್ಕು ಕಡೆಯ ಚಕ್ಕುಬಂದಿ ಒಂದು ನೋಟುಬುಕ್ಕಿನಲ್ಲಿ ಬರೆದೆ. ಯಾವುದು ಎಲ್ಲಿಂದ ಬಂತು ಅದನ್ನೂ ಬರೆದೆ. ಯಾರಿಗೆ ಕೊಡಬೇಕು ಎಂಬ ಜಾಗ ಮಾತ್ರ ಖಾಲಿ ಬಿಟ್ಟೆ.

ಬ್ಯಾಂಕಿನ ಮಾತು ಬಂತು, ಹೇಳಿಬಿಡ್ತೀನಿ. ಅತ್ತೆಯ ಬ್ಯಾಂಕ್ ಖಾತೆಗೆ ನನ್ನ ಹೆಸರು ನಾಮಿನಿ ಇತ್ತು. ನಾಮಿನಿ ಅಂದರೆ ದುಡ್ಡಿನ ಒಡೆಯ ಅಂತ ನಾನೂ ಅಂದುಕೊಂಡಿದ್ದೆ. ಅಲ್ಲ. ಬ್ಯಾಂಕಿನಿಂದ ದುಡ್ಡು ಬಿಡಿಸಿ ನಿಜವಾದ ವಾರಸುದಾರರಿಗೆ ಕೊಡಬೇಕಾದವನು, ಅಷ್ಟೇ.

ಒಂದು ತಾಸಿನ ಮೇಲೆ ವಕೀಲಮ್ಮ ಒಳಗೆ ಕರೆದರು. ಅತ್ತೆಯೇ ಹೇಳಿದಳು. "ಅವರ ಅಪ್ಪನ ಹೊಲ ಅವನಿಗೇ. ಮೂರೆಕರೆ. ಅವನು ನನ್ನನ್ನ ಅವ್ವ ಅಂತ ಕರೆದವನು. ಮನೆ, ಬ್ಯಾಂಕಿನ ದುಡ್ಡು, ಹೊಲಿಗೆ ಮಿಷಿನ್ನು ಮಗಳಿಗೆ." ಆಮೇಲೆ ನನ್ನ ಮುಖ ನೋಡಿದಳು. "ನಮ್ಮ ಅಪ್ಪನ ಎರಡೆಕರೇನೂ ಅವಳಿಗೇ ಕಣಪ್ಪಾ. ನಿಮಗೆ ನಿಮ್ಮ ಭಾಗ ಐತೆ. ಅವಳಿಗೆ ಯಾರೂ ಇಲ್ಲ."

ನನಗೆ ಕಸಿವಿಸಿ ಆಯಿತು. ಆ ಹೊಲದಲ್ಲಿ ನಾನು ಚಿಕ್ಕವನಿದ್ದಾಗ ಶೇಂಗಾ ಕಿತ್ತಿದ್ದೆ. ಅಜ್ಜನ ಹೊಲ ಹೊರಗಿನವರಿಗೆ ಹೋಗುತ್ತೆ ಅನ್ನಿಸಿತು. ಹೊರಗಿನವರು ಅಂತ ಮನಸ್ಸಿಗೆ ಬಂದದ್ದಕ್ಕೆ ಆಮೇಲೆ ಬೇಜಾರೂ ಆಯಿತು. "ಆಯ್ತು ಅತ್ತೆ" ಅಂದೆ. ಅಣ್ಣ ಅಂದ ಮಾತು ಇಲ್ಲಿ ಹೇಳುವಂಥದ್ದಲ್ಲ. ಒಂದು ವರ್ಷ ಅವನು ಆ ಬೀದಿಗೆ ಕಾಲಿಡಲಿಲ್ಲ.

ವಕೀಲಮ್ಮ ಅತ್ತೆ ಹೇಳಿದ ಕಾರಣವನ್ನೂ ವೀಲುನಾಮದಲ್ಲಿ ಬರೆದರು. ತಮ್ಮನ ಮಕ್ಕಳಿಗೆ ಅವರ ಅಪ್ಪನಿಂದ ಆಸ್ತಿ ಬಂದಿದೆ, ಅದಕ್ಕೇ ಅವರಿಗೆ ಇದರಲ್ಲಿ ಕೊಟ್ಟಿಲ್ಲ, ಮರೆತು ಬಿಟ್ಟದ್ದಲ್ಲ ಅಂತ. ಸಾಕಿದ ಮಗಳು ಯಾರು, ಎಷ್ಟು ವರ್ಷದಿಂದ ಜೊತೆಗಿದ್ದಾಳೆ, ಅದನ್ನೂ ಬರೆದರು. ಹತ್ತಿರದವರನ್ನು ಬಿಟ್ಟು ಬೇರೆಯವರಿಗೆ ಕೊಡುವಾಗ ಕಾರಣ ಬರೆಯುವುದು ಒಳ್ಳೆಯದು. ನಾಳೆ ನನ್ನಂಥವನು ಕೋರ್ಟಿಗೆ ಹೋಗಿ "ಅತ್ತೆಗೆ ಬುದ್ಧಿ ಸ್ಥಿಮಿತ ಇರಲಿಲ್ಲ, ನಮ್ಮನ್ನು ಮರೆತಿದ್ದಳು" ಅನ್ನಬಾರದಲ್ಲ.

ಕಾಗದ ಕನ್ನಡದಲ್ಲೇ ಬರೆದರು. ವೀಲುನಾಮ ಯಾವ ಭಾಷೆಯಲ್ಲಿದ್ದರೂ ನಡೆಯುತ್ತೆ. ರಿಜಿಸ್ಟ್ರಾರಿಗೆ ಆ ಭಾಷೆ ಬರುವುದಿಲ್ಲ, ಆ ಜಿಲ್ಲೆಯಲ್ಲಿ ಅದರ ಬಳಕೆಯೂ ಇಲ್ಲ ಅಂದರೆ ಅನುವಾದ ಮಾಡಿಸಿ ಜೊತೆಗೆ ಕೊಡಬೇಕು. ನಾವು ತೆಲುಗು ಅನುವಾದ ಸೇರಿಸಿಯೇ ಕೊಟ್ಟೆವು. ತೆಲುಗಿನಲ್ಲೇ ಬರೆಸುವವರು "ಇದನ್ನು ನನಗೆ ಕನ್ನಡದಲ್ಲಿ ಓದಿ ಹೇಳಿದರು, ನನಗೆ ತಿಳಿಯಿತು" ಎಂಬ ಸಾಲು ಹಾಕಿಸಿ. ಓದಿ ಹೇಳಿದವರ ಹೆಸರು, ಸಹಿ ಇರಲಿ.

ಸಾಕ್ಷಿ ಇಬ್ಬರು ಬೇಕೇ ಬೇಕು. ಒಬ್ಬರಾದರೆ ವೀಲುನಾಮ ನಿಲ್ಲುವುದಿಲ್ಲ. ಬರೆಸಿದವರು ಸಹಿ ಹಾಕುವುದನ್ನು ಅವರು ನೋಡಬೇಕು, ಬರೆಸಿದವರ ಎದುರಿಗೇ ತಾವೂ ಸಹಿ ಹಾಕಬೇಕು. ಆಸ್ತಿ ಪಡೆಯುವವರು ಸಾಕ್ಷಿ ಹಾಕದಿರುವುದೇ ಕ್ಷೇಮ. ಮುಂದೆ ಜಗಳ ಬಂದರೆ ಸಾಕ್ಷಿಯವರಲ್ಲಿ ಒಬ್ಬರಾದರೂ ಕೋರ್ಟಿಗೆ ಬಂದು ಹೇಳಬೇಕಾಗುತ್ತೆ. ಅದಕ್ಕೆ ಅತ್ತೆ ತನ್ನ ವಾರಿಗೆಯ ಮುದುಕರನ್ನು ಬಿಟ್ಟು, ನಲವತ್ತರ ಒಳಗಿನ ಇಬ್ಬರನ್ನು ಕೇಳಿಕೊಂಡಳು. ಒಬ್ಬರು ಶಾಲೆ ಮೇಷ್ಟ್ರು, ಇನ್ನೊಬ್ಬರು ಅಂಗಡಿಯವರು. ಇಬ್ಬರೂ ನೆಂಟರಲ್ಲ. ಅದೇ ದಿನ ಒಬ್ಬ ಡಾಕ್ಟರ ಹತ್ತಿರ ಹೋಗಿ, ಬುದ್ಧಿ ಸರಿಯಾಗಿದೆ, ಕೇಳಿದ್ದಕ್ಕೆಲ್ಲಾ ಸರಿಯಾಗಿ ಉತ್ತರ ಹೇಳ್ತಾರೆ ಎಂದು ಸರ್ಟಿಫಿಕೇಟು ಬರೆಸಿಕೊಂಡೆವು. ಕಾನೂನಿನಲ್ಲಿ ಅದು ಕಡ್ಡಾಯ ಅಲ್ಲ. ಎಂಬತ್ತರ ಹತ್ತಿರ ಇರುವವರಿಗೆ ಇದ್ದರೆ ಒಳ್ಳೆಯದು.

ಈಗ ಸಹಿಯ ಮಾತು. ಇದು ನಿಮಗೇ ಬೇಕಾದದ್ದು. ಅತ್ತೆ ಎಪ್ಪತ್ತು ವರ್ಷ ಹೆಬ್ಬೆಟ್ಟು ಒತ್ತಿದವಳು. ಮನೆಯ ಕ್ರಯಪತ್ರದಲ್ಲಿ ಹೆಬ್ಬೆಟ್ಟು, ಬ್ಯಾಂಕಿನಲ್ಲಿ ಹೆಬ್ಬೆಟ್ಟು. ಸಹಿ ಕಲಿತದ್ದು ಇಲ್ಲಿ, ಈ ಕೇಂದ್ರದಲ್ಲಿ. ವೀಲುನಾಮಕ್ಕೆ ಸಹಿಯೇ ಹಾಕ್ತೀನಿ ಅಂತ ಹಟ ಹಿಡಿದಳು. ವಕೀಲಮ್ಮ, "ಹಾಕಮ್ಮಾ, ಆದರೆ ಪಕ್ಕದಲ್ಲಿ ಹೆಬ್ಬೆಟ್ಟೂ ಒತ್ತು" ಅಂದರು. ಅತ್ತೆಗೆ ಸಿಟ್ಟು ಬಂತು. "ಅಕ್ಷರ ಕಲಿತ ಮೇಲೂ ಹೆಬ್ಬೆಟ್ಟಾ?" ಅವರು ಬಿಡಿಸಿ ಹೇಳಿದರು. ಹಳೆಯ ಕಾಗದದಲ್ಲೆಲ್ಲಾ ಹೆಬ್ಬೆಟ್ಟಿದ್ದು ಇದರಲ್ಲಿ ಮಾತ್ರ ಸಹಿ ಇದ್ದರೆ, "ಆಕೆಗೆ ಸಹಿ ಬರುತ್ತಿರಲಿಲ್ಲ, ಇದು ಬೇರೆಯವರು ಹಾಕಿದ್ದು" ಅಂತ ಯಾರಾದರೂ ಅನ್ನಬಹುದು. ಎರಡೂ ಇದ್ದರೆ ಬಾಯಿ ಮುಚ್ಚುತ್ತೆ. ಹೆಬ್ಬೆಟ್ಟಿನ ಗೆರೆ ಯಾರದೂ ಯಾರಿಗೂ ಹೊಂದುವುದಿಲ್ಲ. ಅತ್ತೆ ಎರಡೂ ಹಾಕಿದಳು. ಪ್ರತಿ ಹಾಳೆಗೂ. ಹೊಸದಾಗಿ ಸಹಿ ಕಲಿತವರು ಬ್ಯಾಂಕಿಗೆ ಹೋಗಿ ಅಲ್ಲೂ ಸಹಿ ಬದಲಿಸಿಕೊಂಡು ಬನ್ನಿ.

ರಿಜಿಸ್ಟ್ರಿ ಕಡ್ಡಾಯ ಅಲ್ಲ. ಮಾಡಿಸಿದರೆ ಒಳ್ಳೆಯದು, ಕಾಗದ ಕಳೆದರೂ ಕಚೇರಿಯಲ್ಲಿ ನಕಲು ಇರುತ್ತೆ. ಎರಡು ರಾಜ್ಯದ ಹೊಲ ಇದ್ದರೂ ಒಂದೇ ವೀಲುನಾಮ ಸಾಕು. ಬರೆಸಿದವರು ಯಾವ ಸಬ್ ರಿಜಿಸ್ಟ್ರಾರ್ ಕಚೇರಿಗೆ ಬೇಕಾದರೂ ಕೊಡಬಹುದು. ನಾವು ರಾಯದುರ್ಗದಲ್ಲೇ ಮಾಡಿಸಿದೆವು, ಬಳ್ಳಾರಿಗೆ ಹೋಗಲಿಲ್ಲ. ಮಡಕಶಿರಾ ಕಡೆ ನೆಂಟರಿರುವವರು ಅವರಿಗೂ ಹೇಳಿ, ಅವರ ಜಿಲ್ಲೆ 2022ರಲ್ಲಿ ಶ್ರೀ ಸತ್ಯಸಾಯಿ ಅಂತ ಬೇರೆಯಾದರೂ ಈ ಕಾನೂನು ಬದಲಾಗಿಲ್ಲ. ಎದ್ದು ಓಡಾಡಲು ಆಗದವರಿದ್ದರೆ ಅರ್ಜಿ ಕೊಟ್ಟರೆ ಅಧಿಕಾರಿಗಳು ಮನೆಗೆ ಬಂದು ರಿಜಿಸ್ಟ್ರಿ ಮಾಡುವ ಅವಕಾಶವೂ ಇದೆ. ಆದರೆ ರಿಜಿಸ್ಟ್ರಿ ಆಯಿತು ಅಂದ ಮಾತ್ರಕ್ಕೆ ಕಲ್ಲಿನ ಮೇಲೆ ಕೊರೆದಂತಲ್ಲ. ಆಮೇಲೆ ಇನ್ನೊಂದು ಬರೆಸಿದರೆ ಕೊನೆಯದೇ ನಡೆಯುತ್ತೆ.

ಅತ್ತೆಯ ಆಸ್ತಿ ಪೂರ್ತಿ ಅವಳ ಹೆಸರಲ್ಲಿತ್ತು, ಅದಕ್ಕೆ ಇಷ್ಟು ಸಲೀಸಾಯಿತು. ಎಲ್ಲರ ಮನೆಯಲ್ಲೂ ಹಾಗಿರುವುದಿಲ್ಲ. ಕೂಡುಕುಟುಂಬದ ಪಿತ್ರಾರ್ಜಿತ ಹೊಲ ಆದರೆ, ಅಜ್ಜ ತನ್ನ ಪಾಲಿನಷ್ಟು ಮಾತ್ರ ಬರೆಸಬಹುದು. ಮಗಳ ಪಾಲನ್ನು ಮಗನಿಗೆ ಬರೆಸಲು ಬರುವುದಿಲ್ಲ. 2005ರಿಂದ ದೇಶಕ್ಕೆಲ್ಲಾ ಮಗಳಿಗೂ ಹುಟ್ಟಿನಿಂದಲೇ ಮಗನಷ್ಟೇ ಹಕ್ಕು. ಆಗ ಅಪ್ಪ ಬದುಕಿರಬೇಕಿತ್ತು ಎಂಬ ತಕರಾರೂ 2020ರ ತೀರ್ಪಿನಿಂದ ಹೋಯಿತು. ಮೊದಲ ಹೆಂಡತಿ ಇರುವಾಗಲೇ ಕಟ್ಟಿಕೊಂಡ ಎರಡನೇ ಹೆಂಡತಿಯ ಮಕ್ಕಳ ವಿಷಯ ಹೋದ ವಾರ ಒಬ್ಬರು ಮೆಲ್ಲಗೆ ಕೇಳಿದ್ದರು. ಕರ್ನಾಟಕದಿಂದ ಹೋದ ರೇವಣಸಿದ್ದಪ್ಪ ಎಂಬುವರ ಕೇಸಿನಲ್ಲಿ 2023ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಆ ಮಕ್ಕಳಿಗೆ ತಂದೆಯ ಪಾಲಿಗೆ ಬಂದ ಆಸ್ತಿಯಲ್ಲಿ ಹಕ್ಕು ಉಂಟು. ತಂದೆಯ ಅಣ್ಣತಮ್ಮಂದಿರ ಪಾಲಿನಲ್ಲಿ ಇಲ್ಲ. ಆದರೆ ಆ ಹೆಂಡತಿಗೆ ಹೆಂಡತಿ ಅಂತ ಪಾಲು ಬರುವುದಿಲ್ಲ. ಆಕೆಗೆ ಏನಾದರೂ ಕೊಡುವ ಮನಸ್ಸಿದ್ದರೆ ಬರೆಸಿಯೇ ಇಡಬೇಕು. ನಮ್ಮ ಮುಸ್ಲಿಂ ಅಣ್ಣಂದಿರ ಕಾನೂನು ಬೇರೆ. ಅವರು ವಾರಸುದಾರರು ಒಪ್ಪದೆ ಮೂರರಲ್ಲಿ ಒಂದು ಭಾಗಕ್ಕಿಂತ ಹೆಚ್ಚು ಬರೆಸಲು ಬರುವುದಿಲ್ಲ. ಇನ್ನು ಸರ್ಕಾರ ಕೊಟ್ಟ ಡಿ.ಕೆ.ಟಿ. ಪಟ್ಟಾ ಹೊಲ ಇದ್ದವರು ಮೊದಲು ತಹಸೀಲ್ದಾರ್ ಕಚೇರಿಯಲ್ಲಿ ಕೇಳಿ, ಆಮೇಲೆ ಬರೆಸಿ.

ಅತ್ತೆಯ ವೀಲುನಾಮ ಈಗ ಟ್ರಂಕಿನಲ್ಲಿ ರೇಷ್ಮೆ ಸೀರೆ ಕೆಳಗೆ ಇದೆ. ಒಂದು ನಕಲು ಶಾಲೆ ಮೇಷ್ಟ್ರ ಹತ್ತಿರ ಇದೆ. ನನ್ನ ಹತ್ತಿರ ಇಲ್ಲ. ಬೆಂಗಳೂರಿನ ಮಗನನ್ನು ಕರೆಸಿ ಅತ್ತೆಯೇ ಎಲ್ಲಾ ಓದಿ ಹೇಳಿದಳು. ಬೆರಳಿಟ್ಟು, ಒಂದೊಂದೇ ಪದ. ಅವನು ಪೂರ್ತಿ ಕೇಳಿದ. "ಮನೆ ತಂಗಿಗೇ ಇರ್ಲಿ ಅವ್ವಾ. ಆದರೆ ಅಪ್ಪನ ಫೋಟೋ ನನಗೆ ಬೇಕು" ಅಂದ. ಫೋಟೋ ವೀಲುನಾಮದಲ್ಲಿ ಇರಲಿಲ್ಲ. ಅತ್ತೆ ಆವತ್ತೇ ಗೋಡೆಯಿಂದ ಇಳಿಸಿ ಕೊಟ್ಟಳು.

ಇದಾಗಿ ನಾಲ್ಕು ವರ್ಷವಾಯಿತು. ಹೋದ ತಿಂಗಳು ಅತ್ತೆ ಮತ್ತೆ ಕರೆದಳು. ಅಣ್ಣನ ಮಗಳು ನರ್ಸಿಂಗ್ ಓದುತ್ತಿದ್ದಾಳೆ. ಅವಳು ಬಂದು ಬಂದು ಅತ್ತೆಯ ಬಿ.ಪಿ. ನೋಡಿ ಹೋಗ್ತಾಳೆ. ಬ್ಯಾಂಕಿನ ದುಡ್ಡಿನಲ್ಲಿ ಒಂದಿಷ್ಟು ಅವಳ ಓದಿಗೆ ಇಡಬೇಕಂತೆ. "ಬರೆದದ್ದನ್ನ ಬದಲಾಯಿಸಬಹುದು ಅಂದಿದ್ದೆಯಲ್ಲಾ?" ಅಂದಳು. ಬದಲಾಯಿಸಬಹುದು. ಬುಧವಾರ ರಾಯದುರ್ಗಕ್ಕೆ ಹೊರಟಿದ್ದೀವಿ. ಆಟೋ ಹೇಳಿದ್ದೀನಿ. ಹೊರಗೆ ಕೂರಲು ಈ ಸಲ ಪೇಪರು ತಗೊಂಡು ಹೋಗ್ತೀನಿ.

ಮುಂದ��ನ ಪಾಠಕ್ಕೆ ಬರುವಾಗ ಎಲ್ಲರೂ ನಿಮ್ಮ ಮನೆಯ ಪಾಸ್ ಪುಸ್ತಕ ತನ್ನಿ. ಸರ್ವೆ ನಂಬರು ಎಲ್ಲಿ ಬರೆದಿದೆ, ಹೆಸರು ಯಾರದಿದೆ, ನೀವೇ ಓದುವಿರಂತೆ.